ಪಾಳುನೆಲದ ಮುಳ್ಳು ಮತ್ತು ಶ್ರಾವಕನ ಅಹಿಂಸೆ

ಅಹಿಂಸೆಯು ಪರಮಧರ್ಮವೆಂಬುದರಲ್ಲಿ ಜೈನ ಗೃಹಸ್ಥನಿಗೆ ಸಂಶಯವಿಲ್ಲ. ಆ ಧರ್ಮವನ್ನು ಹೊಲದ ಬದುವಿನಲ್ಲಿ ನಿಂತು, ಕೈಯಲ್ಲಿ ಕುಡುಗೋಲು ಹಿಡಿದ ಗಳಿಗೆಯಲ್ಲಿ ಆಚರಿಸಬೇಕಾಗಿ ಬಂದಾಗ ಸಂಶಯವು ತಲೆದೋರುತ್ತದೆ. ಬಹುಕಾಲ ಯಾರೂ ಕಾಲಿಡದೆ ಮುಳ್ಳುಪೊದೆಗಳಿಂದ ಮುಚ್ಚಿಹೋದ ಭೂಮಿಯನ್ನು ಹಸನುಗೊಳಿಸುವುದು ವ್ರತಧಾರಿಯಾದ ಶ್ರಾವಕನಿಗೆ ತಕ್ಕುದೆ, ತಕ್ಕುದಲ್ಲವೆ? ಮೇಲ್ನೋಟಕ್ಕೆ ಪ್ರಶ್ನೆ ಚಿಕ್ಕದು. ಆದರೆ ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಅಹಿಂಸಾಣುವ್ರತ, ಅನರ್ಥದಂಡವಿರತಿ, ಪ್ರೋಷಧೋಪವಾಸ, ಪರಿಗ್ರಹ ಪರಿಮಾಣ ಈ ನಾಲ್ಕು ವ್ರತಗಳನ್ನೂ ಮುಟ್ಟದೆ ವಿಧಿಯಿಲ್ಲ.

ಇಂದು ಅನೇಕ ಊರುಗಳಲ್ಲಿ ಕಾಣುವ ಒಂದು ಸಂಗತಿಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಬಹುದು. ತಂದೆಯ ಕಾಲದಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದ ಎರಡು ಎಕರೆ ಹೊಲ. ಅಣ್ಣನು ಊರಿನಲ್ಲಿ ಅಂಗಡಿ ನೋಡಿಕೊಂಡು ಉಳಿದಿದ್ದಾನೆ. ತಮ್ಮನು ನಗರದಲ್ಲಿ ನೌಕರಿಗೆ ಸೇರಿದ್ದಾನೆ. ಹನ್ನೆರಡು ವರ್ಷ ಆ ನೆಲಕ್ಕೆ ನೇಗಿಲು ತಾಗಲಿಲ್ಲ. ಬೇಲಿಯಲ್ಲಿದ್ದ ಲಂಟಾನ ಒಳಗೆ ನುಗ್ಗಿ ಆಳೆತ್ತರ ಬೆಳೆದಿದೆ. ಮೂಲೆಯಲ್ಲಿದ್ದ ಎರಡು ಹಳೆಯ ನಿಷಿಧಿ ಕಲ್ಲುಗಳು ಕಣ್ಣಿಗೆ ಬೀಳದಂತಾಗಿವೆ. ತಮ್ಮನು ಹೇಳಿ ಕಳುಹಿಸುತ್ತಾನೆ: "ಅಣ್ಣಾ, ಜೆಸಿಬಿ ತರಿಸಿದರೆ ಒಂದು ದಿನದ ಕೆಲಸ. ಹಣ ನಾನು ಕೊಡುತ್ತೇನೆ." ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಮಾಡುವ ಅಣ್ಣನು ಒಪ್ಪುವುದಿಲ್ಲ: "ಬೇಡಪ್ಪಾ, ಅದರೊಳಗೆ ಎಷ್ಟು ಜೀವಗಳಿವೆಯೋ. ಇದ್ದಂತೆ ಇರಲಿ." ಪಕ್ಕದ ಹೊಲದವನು ಮೂರನೆಯ ಮಾರ್ಗ ತೋರಿಸುತ್ತಾನೆ: "ಯಜಮಾನರೇ, ಬೇಸಿಗೆಯಲ್ಲಿ ಒಂದು ಕಡ್ಡಿ ಗೀರಿದರೆ ಸಾಕು." ಬಿಡುವುದು, ಯಂತ್ರದಿಂದ ಕೀಳಿಸುವುದು, ಬೆಂಕಿಯಿಡುವುದು ಎಂಬ ಈ ಮೂರು ಮಾತುಗಳಲ್ಲಿ ಅಹಿಂಸೆಗೆ ಹತ್ತಿರವಾದದ್ದು ಯಾವುದು? ಅಣ್ಣನ ಮಾತೇ ಎಂದು ಥಟ್ಟನೆ ತೋರುತ್ತದೆ. ಆ ತೋರಿಕೆಯು ನಿಜವೆ ಎಂಬುದೇ ವಿಚಾರ.

ಮೊದಲು ಈ ಪೊದೆಯ ಸ್ವಭಾವವನ್ನು ತಿಳಿಯಬೇಕು. ಲಂಟಾನವು ಅಮೆರಿಕ ಖಂಡದ ಉಷ್ಣ ಪ್ರದೇಶಗಳ ಗಿಡ. 19ನೆಯ ಶತಮಾನದ ಆದಿಯಲ್ಲಿ ಹೂವಿನ ಅಂದಕ್ಕಾಗಿ ಅದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಲ್ಲಿಂದ ಹರಡಿ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡನ್ನೂ ಹಳ್ಳಿಗಳ ಗೋಮಾಳವನ್ನೂ ಅದು ಆವರಿಸಿದೆ. ಹಕ್ಕಿಗಳು ಅದರ ಕಪ್ಪು ಹಣ್ಣನ್ನು ತಿಂದು ಮರಗಳ ಕೆಳಗೆ ಬೀಜ ಉದುರಿಸುತ್ತವೆ. ಮೇವಿಲ್ಲದ ಕಾಲದಲ್ಲಿ ದನ ಅದರ ಎಲೆಯನ್ನು ತಿಂದರೆ ಪಿತ್ತಜನಕಾಂಗ ಕೆಡುತ್ತದೆ, ಬಿಸಿಲು ಬಿದ್ದ ಚರ್ಮ ಸುಟ್ಟಂತೆ ಬಿರಿಯುತ್ತದೆ. ಬಯಲುಸೀಮೆಯ ಬಳ್ಳಾರಿ ಜಾಲಿಯೂ ಹಾಗೆಯೇ ಹೊರಗಿನಿಂದ ಬಂದದ್ದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಸೌದೆಗೆಂದೂ ಒಣನೆಲಕ್ಕೆ ಹಸಿರು ತರಲೆಂದೂ ಅದನ್ನು ನಮ್ಮ ದೇಶದಲ್ಲಿ ನೆಟ್ಟರು. ಅದರ ಸಿಹಿಕಾಯಿಯನ್ನು ತಿಂದ ಕುರಿದನಗಳ ಸಗಣಿಯಲ್ಲಿ ಬೀಜ ಊರೂರು ಸೇರಿತು. ಗಿಡದಲ್ಲಿ ದೋಷವಿಲ್ಲ. ಅದು ತನ್ನ ಆಯುಕರ್ಮಕ್ಕೆ ತಕ್ಕಂತೆ ಬಾಳುವ ಜೀವ. ಬೇಡದ ಕಡೆಗೆ ಅದನ್ನು ತಂದವನೂ, ಬೆಳೆಯುವುದನ್ನು ಕಂಡೂ ಸುಮ್ಮನಿದ್ದವನೂ ಮನುಷ್ಯರೇ.

ಆ ಪೊದೆಯೊಳಗೆ ಯಾರಿದ್ದಾರೆ? ಗಿಡವು ಸ್ವತಃ ವನಸ್ಪತಿಕಾಯದ ಏಕೇಂದ್ರಿಯ ಜೀವ. ಸ್ಪರ್ಶನೇಂದ್ರಿಯ, ಕಾಯಬಲ, ಆಯು, ಶ್ವಾಸೋಚ್ಛ್ವಾಸ ಎಂಬ 4 ಪ್ರಾಣಗಳು ಅದಕ್ಕುಂಟು. ಬುಡದ ಹಸಿಮಣ್ಣಿನ ಎರೆಹುಳು ದ್ವೀಂದ್ರಿಯ. ಅದಕ್ಕೆ 6 ಪ್ರಾಣಗಳು. ಇರುವೆ ಗೆದ್ದಲುಗಳು ತ್ರೀಂದ್ರಿಯಗಳು, 7 ಪ್ರಾಣಗಳು. ಜೇನು, ಚಿಟ್ಟೆ, ಪತಂಗಗಳು ಚತುರಿಂದ್ರಿಯಗಳು, 8 ಪ್ರಾಣಗಳು. ಓತಿಕೇತ, ಹಾವು, ಮೊಲ, ಕೌಜುಗ, ಮುಂಗುಸಿ ಇವು ಪಂಚೇಂದ್ರಿಯಗಳು. ಮನಸ್ಸುಳ್ಳ ಸಂಜ್ಞಿಗಳಿಗೆ 10 ಪ್ರಾಣಗಳೂ ಪೂರ್ಣವಾಗಿವೆ. ಹನ್ನೆರಡು ವರ್ಷದ ಪೊದೆಯೆಂದರೆ ಸಂಸಾರದ ಈ ಎಲ್ಲ ಮೆಟ್ಟಿಲುಗಳೂ ನೆಲೆಸಿರುವ ಒಂದು ಊರು. ಅಣ್ಣನ ಅಂಜಿಕೆಗೆ ಕಾರಣವಿಲ್ಲದೆ ಇಲ್ಲ.

ಇನ್ನು ಹಿಂಸೆಯೆಂದರೇನು? ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಗಳಿಗೆ ಘಾತವಾಗುವುದೇ ಹಿಂಸೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ. ಇಲ್ಲಿ ಎರಡು ಅಂಗಗಳಿವೆ: ಪ್ರಾಣಘಾತವೆಂಬ ಹೊರಗಿನ ಕ್ರಿಯೆ ಒಂದು, ಪ್ರಮಾದವೆಂಬ ಒಳಗಿನ ಭಾವ ಇನ್ನೊಂದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಭೇದವನ್ನು ಬಹು ಸೂಕ್ಷ್ಮವಾಗಿ ವಿಸ್ತರಿಸಿದ್ದಾರೆ. ಹೊರಗೆ ಕೊಲ್ಲದೆ ಇದ್ದವನಿಗೂ ಹಿಂಸಾಫಲ ಬರಬಹುದು. ಎಚ್ಚರದಿಂದ ನಡೆದವನ ಕಾಲಿಗೆ ಜೀವವೊಂದು ಸಿಕ್ಕರೂ ಅವನು ಹಿಂಸಕನೆನಿಸದೆ ಇರಬಹುದು. ಮೀನು ಸಿಗದಿದ್ದರೂ ಬಲೆ ಬೀಸಿ ಕುಳಿತ ಬೆಸ್ತನು ಪಾಪಿಯೆಂದೂ, ಉಳುವಾಗ ಜೀವಗಳು ಸತ್ತರೂ ಕೊಲ್ಲುವ ಸಂಕಲ್ಪವಿಲ್ಲದ ರೈತನು ಹಾಗಲ್ಲವೆಂದೂ 959ರಲ್ಲಿ ಯಶಸ್ತಿಲಕವನ್ನು ರಚಿಸಿದ ಸೋಮದೇವಸೂರಿಗಳು ಹೇಳಿದ ದೃಷ್ಟಾಂತವು ಪ್ರಸಿದ್ಧವಾಗಿದೆ. ಆದರೆ ಈ ದೃಷ್ಟಾಂತವನ್ನು ಹಿಡಿದು "ಸಂಕಲ್ಪವಿಲ್ಲ, ಆದ್ದರಿಂದ ದೋಷವಿಲ್ಲ" ಎಂದು ಮನಬಂದಂತೆ ಕಡಿಯಲು ಹೊರಡುವವನು ಅದನ್ನು ಅರ್ಧ ಮಾತ್ರ ಓದಿದವನು. ಸಂಕಲ್ಪವಿಲ್ಲದ ಕಡೆಯೂ ಪ್ರಮಾದವಿರಬಹುದು. ಪ್ರಮಾದವಿದ್ದ ಕಡೆ ಹಿಂಸೆಯೂ ಇದೆ.

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವ ಕ್ರಮ ಎಲ್ಲರಿಗೂ ಪರಿಚಿತವಾದುದು. ಸಂಕಲ್ಪೀ ಹಿಂಸೆಯನ್ನು ಅಣುವ್ರತಿಯು ಪೂರ್ಣವಾಗಿ ಬಿಡುತ್ತಾನೆ. ಅಡಿಗೆ, ಮನೆ, ಕೃಷಿ, ವ್ಯಾಪಾರಗಳಲ್ಲಿ ಆಗುವ ಉಳಿದವನ್ನು ಎಷ್ಟು ಸಾಧ್ಯವೋ ಅಷ್ಟು ಕಡಿಮೆ ಮಾಡುತ್ತಾನೆ. ಆದಿತೀರ್ಥಂಕರರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಪ್ರಜೆಗಳಿಗೆ ಕಲಿಸಿದರೆಂಬಲ್ಲಿ ಕೃಷಿಯೂ ಸೇರಿದೆ. ಹೀಗಿರುವಾಗ ಕೃಷಿಗಾಗಿ ಮುಳ್ಳು ತೆಗೆಯುವುದು ಶ್ರಾವಕನಿಗೆ ನಿಷಿದ್ಧವೆನ್ನಲಾಗದು. ಇದಕ್ಕೆ ಅಮೃತಚಂದ್ರಾಚಾರ್ಯರು ಹಾಕಿದ ಎಲ್ಲೆಯನ್ನು ಮರೆಯಬಾರದು: ಯೋಗ್ಯವಾದ ಉಪಯೋಗಕ್ಕೆ ಬೇಕಾದಷ್ಟು ಅಲ್ಪ ಏಕೇಂದ್ರಿಯಘಾತವು ಗೃಹಸ್ಥನಿಗೆ ಅನಿವಾರ್ಯ, ಅದರಾಚೆಗಿನ ಸ್ಥಾವರ ಜೀವಗಳ ಘಾತದಿಂದಲೂ ಅವನು ದೂರವಿರಬೇಕು. ಗಿಡಕ್ಕೆ ನೋವಿಲ್ಲ, ಅದು ಲೆಕ್ಕಕ್ಕಿಲ್ಲ ಎಂಬ ಮಾತಿಗೆ ಜಿನಾಗಮದಲ್ಲಿ ಎಡೆಯಿಲ್ಲ.

ಆದಕಾರಣ ಮೊದಲ ಪರೀಕ್ಷೆಯು ಪ್ರಯೋಜನದ ಪರೀಕ್ಷೆ. ಈ ಭೂಮಿಯನ್ನು ಏಕೆ ಹಸನುಗೊಳಿಸುವುದು? ಬಿತ್ತಿ ಉಣ್ಣಲಿಕ್ಕೆ, ಹಣ್ಣಿನ ಮರ ನೆಡಲಿಕ್ಕೆ, ದನಕ್ಕೆ ಹುಲ್ಲು ಬೆಳೆಸಲಿಕ್ಕೆ, ಹಿರಿಯರ ನಿಷಿಧಿಗೆ ದಾರಿ ಮಾಡಲಿಕ್ಕೆ ಎಂದರೆ ಅದು ಪ್ರಯೋಜನ. ಕೊಳ್ಳುವವರ ಕಣ್ಣಿಗೆ ಚೆನ್ನಾಗಿ ಕಾಣಲೆಂದೋ, "ನಮ್ಮ ಹೊಲ ಹೀಗಿದ್ದರೆ ಊರವರು ಏನೆಂದಾರು" ಎಂದೋ ಒಮ್ಮೆ ಬೋಳಿಸಿ ಮತ್ತೆ ಅತ್ತ ತಲೆಹಾಕದೆ ಹೋಗುವುದಾದರೆ ಅದು ನಿಷ್ಪ್ರಯೋಜನ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ ವ್ಯರ್ಥವಾಗಿ ನೆಲ ಅಗೆಯುವುದನ್ನೂ, ಬೆಂಕಿ ಹೊತ್ತಿಸುವುದನ್ನೂ, ಗಿಡಬಳ್ಳಿ ಕಡಿಯುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಎರಡು ವರ್ಷದಲ್ಲಿ ಮತ್ತೆ ಮುಳ್ಳು ತುಂಬಲಿರುವ ನೆಲವನ್ನು ಒಮ್ಮೆ ಕಡಿದು ಬಿಡುವುದಕ್ಕಿಂತ ಸ್ಪಷ್ಟವಾದ ಪ್ರಮಾದಚರ್ಯೆ ಬೇರೆ ದೊರೆಯದು. ಸತ್ತ ಜೀವಗಳು ಸತ್ತವು. ಅದರಿಂದ ಯಾರಿಗೂ ಒಂದು ಹಿಡಿ ಧಾನ್ಯವಾಗಲಿಲ್ಲ.

ಇಲ್ಲಿ ಅಣ್ಣನ ಪಕ್ಷದವರು ಕೇಳಬಹುದು: "ಹಾಗಾದರೆ ಮುಟ್ಟದೆ ಬಿಡುವುದೇ ಮೇಲಲ್ಲವೆ? ಭಗವಾನ್ ಬಾಹುಬಲಿಗಳ ಮೈಮೇಲೆ ಬಳ್ಳಿ ಹಬ್ಬಿ, ಕಾಲ ಬಳಿ ಹುತ್ತ ಬೆಳೆದು, ಹಾವುಗಳು ಆಡಿದರೂ ಅವರು ಒಂದು ಎಲೆಯನ್ನೂ ಕೀಳಲಿಲ್ಲವಲ್ಲ!" ಪ್ರಶ್ನೆ ಗಂಭೀರವಾದುದು. ಒಂದು ಸಂವತ್ಸರ ಪ್ರತಿಮಾಯೋಗದಲ್ಲಿ ನಿಂತ ಆ ಮಹಾಮುನಿಯ ತೊಡೆ ತೋಳುಗಳನ್ನು ಸುತ್ತಿದ ಬಳ್ಳಿಯನ್ನು 981ರಲ್ಲಿ ಪ್ರತಿಷ್ಠೆಯಾದ ಶ್ರವಣಬೆಳಗೊಳದ ಮೂರ್ತಿಯಲ್ಲಿಯೂ, 1432ರ ಕಾರ್ಕಳದ ಮೂರ್ತಿಯಲ್ಲಿಯೂ, 1604ರ ವೇಣೂರಿನ ಮೂರ್ತಿಯಲ್ಲಿಯೂ ನಾಡಿನ ಜನ ಕಂಡಿದ್ದಾರೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ವಿಹಾರಕ್ಕೆ ಬಂದ ವಿದ್ಯಾಧರಿಯರು ಆ ಮುನಿಯ ಅಂಗಾಂಗಗಳನ್ನು ತಬ್ಬಿದ್ದ ಬಳ್ಳಿಗಳನ್ನು ಬಿಡಿಸಿದರೆಂದು ಜಿನಸೇನಾಚಾರ್ಯರ ಆದಿಪುರಾಣವು ತಿಳಿಸುತ್ತದೆ. ಬಾದಾಮಿಯ ಜೈನ ಗುಹೆಯಲ್ಲಿ ಬಾಹುಬಲಿಯ ಇಕ್ಕೆಲಗಳಲ್ಲಿ ಸ್ತ್ರೀಮೂರ್ತಿಗಳನ್ನು ಇಂದಿಗೂ ಕಾಣಬಹುದು. ಬಳ್ಳಿಯನ್ನು ಮುಟ್ಟದೆ ನಿಂತದ್ದು ಮುನಿಯ ಧರ್ಮ. ಕೈಯಿಂದ ಮೆಲ್ಲನೆ ಬಿಡಿಸಿದ್ದು ಭಕ್ತರ ಧರ್ಮ. ಒಬ್ಬರ ಧರ್ಮವನ್ನು ಇನ್ನೊಬ್ಬರು ಬರಿದೆ ಅನುಕರಿಸಿದರೆ ಅದು ಧರ್ಮವಾಗಲಾರದು.

ಮುನಿಯು ಬಳ್ಳಿಯನ್ನು ಕೀಳದಿರುವಾಗ ಆ ನೆಲವನ್ನೂ ತನ್ನದೆನ್ನಲಿಲ್ಲ, ಆ ದೇಹವನ್ನೂ ತನ್ನದೆನ್ನಲಿಲ್ಲ. ಗೃಹಸ್ಥನು ಹೊಲವನ್ನು ತನ್ನದೆಂದು ಪಹಣಿಯಲ್ಲಿ ಬರೆಸಿಕೊಂಡು, ಬೆಲೆ ಏರಲೆಂದು ಕಾದುಕೊಂಡು, ಮುಳ್ಳು ಕೀಳುವ ಮಾತು ಬಂದಾಗ ಮಾತ್ರ ಮುನಿಯಂತೆ ಉದಾಸೀನನಾಗುವುದು ಹೇಗೆ ಸಲ್ಲುತ್ತದೆ? ಶ್ರಾವಕನ ಹನ್ನೊಂದು ಪ್ರತಿಮೆಗಳು ಈ ವಿಷಯದಲ್ಲಿ ಒಳ್ಳೆಯ ಅಳತೆಗೋಲು. ಎಂಟನೆಯದಾದ ಆರಂಭತ್ಯಾಗ ಪ್ರತಿಮೆಯಲ್ಲಿ ಸೇವೆ, ಕೃಷಿ, ವಾಣಿಜ್ಯಾದಿ ಆರಂಭಗಳನ್ನು ಬಿಡುತ್ತಾನೆ. ಒಂಬತ್ತನೆಯದರಲ್ಲಿ ಪರಿಗ್ರಹವನ್ನು ಬಿಡುತ್ತಾನೆ. ಹತ್ತನೆಯದರಲ್ಲಿ ಇಂತಹ ಕೆಲಸಗಳಿಗೆ ಅನುಮತಿ ಕೊಡುವುದನ್ನೂ ಬಿಡುತ್ತಾನೆ. ಆ ಮೆಟ್ಟಿಲನ್ನು ಏರಿದವನು "ನನಗೆ ಬೇಡ" ಎಂದರೆ ಅದು ವ್ರತ. ಕೆಳಗಿನ ಮೆಟ್ಟಿಲಿನಲ್ಲಿ ನಿಂತು, ಅಂಗಡಿಯನ್ನೂ ಹೊಲವನ್ನೂ ಇಟ್ಟುಕೊಂಡು ಹಾಗೆಂದರೆ ಅದು ಹಲವು ವೇಳೆ ಆಲಸ್ಯವು ವ್ರತದ ಉಡುಪು ತೊಟ್ಟುದಾಗಿರುತ್ತದೆ.

ಬಿಟ್ಟ ನೆಲವು ಹಿಂಸೆಯಿಲ್ಲದ ನೆಲವೂ ಅಲ್ಲ. ಪೊದೆಯಲ್ಲಿ ಕಾಡುಹಂದಿಗಳು ಸೇರುತ್ತವೆ. ಇರುಳು ಅವು ಪಕ್ಕದವನ ಜೋಳವನ್ನು ತುಳಿದು ಹಾಳುಗೆಡಹುತ್ತವೆ. ಬೆಳೆ ಕಳೆದುಕೊಂಡವನು ಉರುಳು ಕಟ್ಟುತ್ತಾನೆ. ಕೆಲವೆಡೆ ಸಿಡಿಮದ್ದನ್ನೂ ಇಡುತ್ತಾರೆ. ಹಂದಿಗಿಟ್ಟ ಉರುಳಿಗೆ ಮೇಯಲು ಹೋದ ಕರುವೂ ಸಿಕ್ಕುವುದುಂಟು. ಬೇಸಿಗೆಯಲ್ಲಿ ಯಾರೋ ಎಸೆದ ಬೀಡಿಯ ಕಿಡಿಯಿಂದ ಒಣಪೊದೆ ಹತ್ತಿ ಉರಿದರೆ ಅಣ್ಣನು ಯಾವ ಜೀವಗಳಿಗಾಗಿ ಅಂಜಿದ್ದನೋ ಅವೆಲ್ಲವೂ ಒಂದೇ ಮಧ್ಯಾಹ್ನದಲ್ಲಿ ಬೂದಿಯಾಗುತ್ತವೆ. ಇವಾವುದನ್ನೂ ಅವನು ಮಾಡಲಿಲ್ಲವೆಂಬುದು ನಿಜ. ಇವೆಲ್ಲಕ್ಕೂ ಎಡೆಮಾಡಿಕೊಟ್ಟನೆಂಬುದೂ ನಿಜ.

ಇಲ್ಲಿಯೇ ಈ ವಿಚಾರದ ತಿರುಳಿದೆ. ಮೊದಲ ವರ್ಷ ಅಲ್ಲಿದ್ದುದು ಎರಡು ಬೆರಳಿನಿಂದ ಎತ್ತಬಹುದಾದ ಸಸಿ. ಅಂದು ಕಿತ್ತಿದ್ದರೆ ಕೆಲವೇ ಏಕೇಂದ್ರಿಯ ಜೀವಗಳ ಘಾತವಾಗುತ್ತಿತ್ತು. ಮೂರನೆಯ ವರ್ಷ ಪೊದೆಯಾಯಿತು; ಇರುವೆ ಬಂದವು, ಓತಿ ಬಂದವು. ಆರನೆಯ ವರ್ಷ ಹಕ್ಕಿ ಗೂಡು ಕಟ್ಟಿತು, ಮೊಲ ಮರಿ ಹಾಕಿತು. ಹನ್ನೆರಡನೆಯ ವರ್ಷ ಕುಡುಗೋಲು ಎತ್ತಿದಾಗ ಸಾಯುವ ಜೀವಗಳ ಲೆಕ್ಕವು ಅಂದಿನ ಕೂಲಿಯವನ ಖಾತೆಗಷ್ಟೇ ಸೇರುವುದೆ? ಹನ್ನೊಂದು ವರ್ಷ ನೋಡಿಯೂ ನೋಡದಂತಿದ್ದ ಒಡೆಯನ ಪ್ರಮಾದದಲ್ಲಿ ಅದರ ಬೀಜವಿತ್ತು. ಹಿಂಸೆಗೆ ಹೆದರಿ ಮುಂದೂಡಿದ ಕೆಲಸವು ಹಿಂಸೆಯನ್ನು ಕಡಿಮೆ ಮಾಡಲಿಲ್ಲ, ಬೆಳೆಸಿತು. ಪ್ರಮಾದವನ್ನೇ ಹಿಂಸೆಯ ಮೂಲವೆಂದು ಆಚಾರ್ಯರು ಹೇಳಿದ ಕಾರಣವು ಇಂತಹ ಹೊಲದ ಮುಂದೆ ನಿಂತರೆ ತಾನೇ ತಿಳಿಯುತ್ತದೆ.

ಹಾಗಾದರೆ ಇಂದು, ಪೊದೆ ಬೆಳೆದು ನಿಂತ ಮೇಲೆ, ಮಾಡತಕ್ಕುದೇನು? ಪ್ರಯೋಜನವಿದ್ದರೆ ತೆಗೆಯಬೇಕು, ಯತ್ನಾಚಾರದಿಂದ ತೆಗೆಯಬೇಕು. ಯತ್ನಾಚಾರವೆಂದರೆ ಕೆಲಸದ ಪ್ರತಿ ಹೆಜ್ಜೆಯಲ್ಲಿಯೂ ಜೀವಗಳನ್ನು ಕಂಡು ನಡೆಯುವುದು. ಮೊದಲನೆಯದು ಕಾಲ. ಮಳೆಗಾಲದಲ್ಲಿ ತ್ರಸಜೀವಗಳ ಉತ್ಪತ್ತಿ ಹೆಚ್ಚು. ಮುನಿಗಳು ಒಂದೆಡೆ ನಿಂತು ಚಾತುರ್ಮಾಸ ಆಚರಿಸುವುದು ಆ ಕಾರಣಕ್ಕೇ. ದೀಪಾವಳಿ ಕಳೆದು, ಕಾರ್ತಿಕದ ಅಷ್ಟಾಹ್ನಿಕ ಪರ್ವವೂ ಮುಗಿದ ಮೇಲೆ, ನೆಲದಲ್ಲಿ ಇನ್ನೂ ಸ್ವಲ್ಪ ಪಸೆಯಿರುವಾಗ ಕೆಲಸ ಹಿಡಿಯುವುದು ಮೇಲು. ಎರಡನೆಯದು ಕ್ರಮ. ಸುತ್ತಲಿಂದ ಮುತ್ತಿಗೆ ಹಾಕಿದಂತೆ ಕಡಿಯದೆ, ಒಂದು ಕಡೆಯಿಂದ ಆರಂಭಿಸಿ ಎದುರುಕಡೆ ಬಯಲಿಗೋ ಬೇಲಿಗೋ ದಾರಿ ತೆರೆದಿಟ್ಟರೆ ಮೊಲ, ಮುಂಗುಸಿ, ಹಾವುಗಳು ತಾವಾಗಿ ಸರಿಯುತ್ತವೆ. ದಿನಕ್ಕಿಷ್ಟು ಎಂದು ನಿಧಾನವಾಗಿ ಸಾಗಬೇಕು. ಗೂಡಿನಲ್ಲಿ ಮೊಟ್ಟೆಮರಿ ಕಂಡರೆ ಆ ಪೊದೆಯನ್ನು ಮರಿ ಹಾರುವವರೆಗೆ ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಹುತ್ತವನ್ನು ಅಗೆಯದೆ ಉಳಿಸಬೇಕು. ಬದುವಿನುದ್ದಕ್ಕೂ ನಾಡಿನ ಗಿಡಗಳ ಒಂದು ಸಾಲನ್ನು ಬೇಲಿಯಾಗಿ ಉಳಿಸಿದರೆ ಓಡಿದ ಜೀವಗಳಿಗೆ ಆಸರೆ ದೊರೆಯುತ್ತದೆ.

ಮೂರನೆಯದು ರೀತಿ. ಲಂಟಾನವನ್ನು ಮೇಲಿನಿಂದ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಪ್ರತಿವರ್ಷ ಕಡಿತ, ಪ್ರತಿವರ್ಷ ಹಿಂಸೆ. ಕಾರ್ಬೆಟ್ ಅರಣ್ಯದಲ್ಲಿ ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಡೆಸಿ 2009ರಲ್ಲಿ ಪ್ರಕಟಿಸಿದ ಕ್ರಮವು ಇದಕ್ಕಿಂತ ಸರಳವೂ ಸೌಮ್ಯವೂ ಆಗಿದೆ. ಕಾಂಡವು ಬೇರಾಗುವ ಜಾಗದಿಂದ ಸ್ವಲ್ಪ ಕೆಳಗೆ, ನೆಲದೊಳಗೆ ಕೆಲವೇ ಅಂಗುಲದಲ್ಲಿ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಎತ್ತಿ ತಲೆಕೆಳಗಾಗಿ ಒಣಗಲು ಇಡುತ್ತಾರೆ. ಆಗ ಅದು ಮತ್ತೆ ಚಿಗುರುವುದಿಲ್ಲ. ನೆಲವನ್ನೆಲ್ಲ ಅಗೆಯಬೇಕಾಗಿಯೂ ಇಲ್ಲ. ಒಂದು ಗುದ್ದಲಿ, ಒಂದು ಮಚ್ಚು, ಮುಳ್ಳುಕೊಂಬೆ ಎತ್ತಲು ಒಂದು ಕವೆಗೋಲು ಸಾಕು. ತೆಗೆದ ಕಡ್ಡಿಯೂ ವ್ಯರ್ಥವಲ್ಲ. ಮಲೆ ಮಹದೇಶ್ವರ ಬೆಟ್ಟದ ಸುತ್ತಣ ಸೋಲಿಗರು ಅದರಿಂದ ಕುರ್ಚಿ, ಬುಟ್ಟಿ ಮಾಡಿ ಜೀವನೋಪಾಯ ಕಂಡುಕೊಂಡಿದ್ದಾರೆ.

ನೆರೆಯವನು ಹೇಳಿದ ಬೆಂಕಿಯ ಮಾರ್ಗವು ಸರ್ವಥಾ ತ್ಯಾಜ್ಯ. 13ನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಕ್ರೂರ ಕರ್ಮಗಳ ಮಾತು ಬಂದಾಗ ಕಾಡಿಗೆ ಬೆಂಕಿಯಿಡುವುದೂ ವಿಷದ ವ್ಯಾಪಾರವೂ ಹೆಸರಿಸಲ್ಪಟ್ಟಿವೆ. ಬೆಂಕಿಗೆ ಇರುವೆ, ಹಕ್ಕಿಮರಿ, ಮೊಲ ಎಂಬ ಭೇದವಿಲ್ಲ. ಓಡಿಬರುವ ಮೊಲಕ್ಕೆ ಬಲೆಯೊಡ್ಡಿ ಕಾಯುವವರೂ ಇರುತ್ತಾರೆ. ಕಡ್ಡಿ ಗೀರಿದವನು ಆ ಬೇಟೆಯಲ್ಲಿ ಪಾಲುಗಾರನೇ. ಇಷ್ಟಾದರೂ ಲಂಟಾನವು ಬೆಂಕಿಯಿಂದ ಸಾಯುವುದಿಲ್ಲ. ಮಳೆ ಬಿದ್ದೊಡನೆ ಸುಟ್ಟ ಬುಡದಿಂದ ಚಿಗುರುತ್ತದೆ. ಕಳೆನಾಶಕ ವಿಷವು ಕೈಗೆ ಮುಳ್ಳು ತಾಗಿಸದು. ಆದರೆ ಅದು ತಾಕಿದ ಜೀವಗಳೆಷ್ಟೆಂಬುದನ್ನು ಸಿಂಪಡಿಸಿದವನ ಕಣ್ಣಿಗೆ ಕಾಣಿಸದು. ಕಾಣದಂತೆ ಮಾಡುವ ಹಿಂಸೆಯಲ್ಲಿ ಯತ್ನಾಚಾರಕ್ಕೆ ಎಡೆಯೆಲ್ಲಿ?

ಹಾವು ಕಂಡರೆ ಏನು ಮಾಡಬೇಕು? "ಮಕ್ಕಳು ಓಡಾಡುವ ಜಾಗ, ಒಂದನ್ನು ಕೊಂದರೆ ಹತ್ತು ಜನರ ರಕ್ಷಣೆ" ಎಂಬ ವಾದವು ಇಂದಿನದಲ್ಲ. ಅಮೃತಚಂದ್ರಾಚಾರ್ಯರು ಈ ವಾದವನ್ನೇ ಎತ್ತಿ ಹೇಳಿ ನಿರಾಕರಿಸಿದ್ದಾರೆ. ಒಂದು ಹಿಂಸ್ರಜೀವಿಯನ್ನು ಕೊಂದರೆ ಅನೇಕರ ರಕ್ಷಣೆಯಾಗುವುದೆಂದು ಭಾವಿಸಿ ಕೊಲ್ಲತಕ್ಕದ್ದಲ್ಲ. ಪೊದೆ ತೆಗೆಯುವುದು ಆರಂಭೀ ಹಿಂಸೆ. ಓಡುವ ಹಾವನ್ನು ಅಟ್ಟಿ ಹೊಡೆಯುವುದು ಸಂಕಲ್ಪೀ ಹಿಂಸೆ. ಅದೇ ಹೊಲದಲ್ಲಿ, ಅದೇ ಗಳಿಗೆಯಲ್ಲಿ, ಅದೇ ಮಚ್ಚಿನಿಂದ ಎರಡೂ ನಡೆಯಬಹುದು. ಒಂದರಿಂದ ಇನ್ನೊಂದಕ್ಕೆ ದಾಟುವ ಗೆರೆಯು ಹೊರಗೆಲ್ಲಿಯೂ ಇಲ್ಲ, ಪರಿಣಾಮದಲ್ಲಿದೆ. ವ್ರತವೆಂಬುದು ಆ ಗೆರೆಯನ್ನು ಮುಂಚಿತವಾಗಿ ಎಳೆದಿಟ್ಟುಕೊಳ್ಳುವುದು.

ಪ್ರೋಷಧದ ದಿನಗಳಲ್ಲಿ ಈ ಕೆಲಸ ಸಲ್ಲದೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಒಂದು ಸೂಕ್ಷ್ಮವನ್ನು ಅನೇಕರು ಗಮನಿಸುವುದಿಲ್ಲ. ಅಷ್ಟಮಿಯಂದು ತಾನು ಉಪವಾಸವಿದ್ದು, ಸ್ವಾಧ್ಯಾಯ ಮಾಡುತ್ತ, ಅದೇ ದಿನ ಹೊಲದಲ್ಲಿ ಕೂಲಿಯವರಿಂದ ಪೊದೆ ಕಡಿಸಿದರೆ ಆರಂಭತ್ಯಾಗವಾಯಿತೆ? ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮನ, ವಚನ, ಕಾಯಗಳಿಂದಲೂ, ಕೃತ, ಕಾರಿತ, ಅನುಮೋದನೆಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಿಂದ ತಿಳಿದುಬರುತ್ತದೆ. ಅವುಗಳಲ್ಲಿ ತನ್ನ ಕೈಯಿಂದ ಮಾಡಿದ್ದು ಮೂರನೆಯ ಒಂದು ಪಾಲು ಮಾತ್ರ. ಮಾಡಿಸಿದ್ದು ಒಂದು ಪಾಲು, ಒಪ್ಪಿದ್ದು ಒಂದು ಪಾಲು. ಜಪಮಾಲೆಯ 108 ಮಣಿಗಳನ್ನು ಎಣಿಸುವ ಬೆರಳು ಈ 108ನ್ನೂ ನೆನೆಯಬೇಕು.

"ಗುತ್ತಿಗೆಗೆ ಕೊಟ್ಟೆವು, ನಾವು ನೋಡಲೂ ಇಲ್ಲ" ಎಂಬುದು ಆದ್ದರಿಂದ ಸಮಾಧಾನವಲ್ಲ. ನೋಡದೆ ಇದ್ದುದೇ ದೋಷ. ಜೆಸಿಬಿಯ ಹಲ್ಲಿಗೆ ಗೂಡೂ ಕಲ್ಲೂ ಒಂದೇ. ಪೊದೆಯೊಡನೆ ನಿಷಿಧಿಯೂ ಉರುಳೀತು. ಮೇಲ್ಮಣ್ಣು ಮಗುಚಿದಾಗ ಅದರಲ್ಲಿರುವ ಅಸಂಖ್ಯಾತ ಜೀವಗಳ ಮಾತು ಬೇರೆ. ಕೂಲಿಯಾಳುಗಳಿಂದ ಮಾಡಿಸುವಾಗ ಅವರೂ ಪಂಚೇಂದ್ರಿಯ ಜೀವಗಳೆಂಬುದನ್ನು ಮರೆಯಬಾರದು. ಬರಿಗಾಲಿನಲ್ಲಿ ಹಾವಿನ ಪೊದೆಗೆ ಇಳಿಸಿ, ಮುಳ್ಳು ಚುಚ್ಚಿದ ಕೈಗೆ ಅರ್ಧ ಕೂಲಿ ಕೊಟ್ಟು ಕಳುಹಿಸುವವನ ಅಹಿಂಸೆಯು ಗಿಡದಿಂದ ಆರಂಭವಾಗಿ ಮನುಷ್ಯನವರೆಗೆ ತಲುಪಲೇ ಇಲ್ಲ. ಇನ್ನೊಂದು ನೆನಪು: ದಕ್ಷಿಣ ಭಾರತದಲ್ಲಿ ಪಾಪಾಸುಕಳ್ಳಿ ಹೊಲಗಳನ್ನು ನುಂಗಿದ್ದಾಗ, 1926ರಲ್ಲಿ ಸಿಂಹಳದಿಂದ ಒಂದು ಬಗೆಯ ಕೀಟವನ್ನು ತಂದು ಬಿಡಲಾಯಿತು. ಕೆಲವೇ ವರ್ಷಗಳಲ್ಲಿ ಅದು ಕಳ್ಳಿಯನ್ನು ತಿಂದು ತೀರಿಸಿತು. ಯಾವ ಮನುಷ್ಯನ ಕೈಯೂ ಕಳ್ಳಿಯನ್ನು ಕಡಿಯಲಿಲ್ಲ. ಆದರೂ ಅದು ತಂದವರ ಕೃತ್ಯವಲ್ಲವೆಂದು ಯಾರು ಹೇಳಬಲ್ಲರು? ಕೀಟದಿಂದಾಗಲಿ, ಯಂತ್ರದಿಂದಾಗಲಿ, ಕೂಲಿಯವನಿಂದಾಗಲಿ ಮಾಡಿಸಿದ್ದು ಕಾರಿತವೇ.

ಒಮ್ಮೆ ತೆಗೆದರೆ ಕೆಲಸ ಮುಗಿಯಲಿಲ್ಲ. ಮಣ್ಣಿನಲ್ಲಿ ಉಳಿದ ಬೀಜ ಮರುವರ್ಷ ಮೊಳೆಯುತ್ತದೆ. ಹಕ್ಕಿ ಕೂರುವ ಮರದ ಕೆಳಗೆ ಹೊಸ ಸಸಿ ಹುಟ್ಟುತ್ತದೆ. ವರ್ಷಕ್ಕೊಮ್ಮೆ ನೋಡಿ ಸಸಿಯಾಗಿರುವಾಗಲೇ ಎತ್ತಬೇಕು. ಬರಿನೆಲ ಬಿಡದೆ ಹುಲ್ಲೋ ಬೆಳೆಯೋ ಇರುವಂತೆ ನೋಡಬೇಕು. ಇದು ಪ್ರತಿಕ್ರಮಣದ ಮರ್ಮವೂ ಹೌದು. ದೈವಸಿಕ, ರಾತ್ರಿಕ, ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ ಎಂದು ಪ್ರತಿಕ್ರಮಣಕ್ಕೆ ಕಾಲಗಳು ಏಕೆ ಗೊತ್ತಾಗಿವೆ? ಕಷಾಯಗಳ ವಾಸನಾಕಾಲವನ್ನು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಹೇಳಿದ್ದಾರೆ. ಸಂಜ್ವಲನದ್ದು ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು, ಅದನ್ನೂ ಮೀರಿ ಭವಭವಗಳಿಗೆ ಹಬ್ಬುವುದು ಅನಂತಾನುಬಂಧಿ. ಅಣ್ಣತಮ್ಮಂದಿರ ನಡುವೆ ಹುಟ್ಟಿದ ಒಂದು ಕಹಿಮಾತು ಸಂಜೆಯೊಳಗೆ ಕ್ಷಮೆಯಿಂದ ಹೋದರೆ ಅದು ಸಸಿ. ಆರು ತಿಂಗಳು ದಾಟಿದರೆ ಅದರ ಸುತ್ತ ಸಂಶಯ, ಅಸೂಯೆ, ಹೆಂಡಿರ ಮಕ್ಕಳ ಮನಸ್ತಾಪ ಎಲ್ಲವೂ ಗೂಡು ಕಟ್ಟುತ್ತವೆ. ಆಮೇಲೆ ಕೀಳಹೋದರೆ ಅನೇಕರಿಗೆ ನೋವಾಗದೆ ಇರದು. ಹೊಲ ಪಾಳುಬಿದ್ದ ಎಷ್ಟೋ ಮನೆಗಳಲ್ಲಿ ಅದಕ್ಕೆ ಮೊದಲು ಪಾಳುಬಿದ್ದುದು ಸೋದರರ ಮಾತುಕತೆ.

ಕೊನೆಗೆ ಪರಿಗ್ರಹದ ಮಾತು. ನೋಡಿಕೊಳ್ಳಲಾಗದ ಭೂಮಿಯನ್ನು ಇಟ್ಟುಕೊಂಡಿರುವುದು ಏಕೆ? ಇದಕ್ಕೆ ಲೌಕಿಕ ಕಾರಣಗಳುಂಟು. ಕರ್ನಾಟಕದ ಭೂಸುಧಾರಣಾ ಶಾಸನಕ್ಕೆ 1974ರಲ್ಲಿ ಬಂದ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾಗಿ, ಉಳುವವನಿಗೆ ಭೂಮಿ ಹೋಯಿತು. ಅನೇಕ ಜೈನ ಮನೆತನಗಳೂ ಆಗ ಗೇಣಿಭೂಮಿಯನ್ನು ಕಳೆದುಕೊಂಡವು. ಅಂದಿನಿಂದ "ಬೇರೆಯವರನ್ನು ಹೊಲಕ್ಕೆ ಇಳಿಸಿದರೆ ಕೈತಪ್ಪೀತು" ಎಂಬ ಅಂಜಿಕೆ ಮನೆಮನೆಯಲ್ಲಿ ಉಳಿದಿದೆ. ತಾನು ಉಳುವುದಿಲ್ಲ, ಇನ್ನೊಬ್ಬರು ಉಳಲು ಬಿಡುವುದಿಲ್ಲ. ನಡುವೆ ಮುಳ್ಳು ಉಳಿಯುತ್ತದೆ. ಮೂರ್ಛೆಯೇ, ಅಂದರೆ ಮಮತ್ವವೇ ಪರಿಗ್ರಹವೆಂದು ಸೂತ್ರಕಾರರು ಹೇಳುವಾಗ ಇದಕ್ಕಿಂತ ಶುದ್ಧವಾದ ಉದಾಹರಣೆ ಸಿಗಲಾರದು. ಇಲ್ಲಿ ಭೋಗವೂ ಇಲ್ಲ, ದಾನವೂ ಇಲ್ಲ; ತನ್ನದೆಂಬ ಭಾವ ಮಾತ್ರವಿದೆ. ಪರಿಗ್ರಹ ಪರಿಮಾಣ ವ್ರತದ ಎಣಿಕೆಯಲ್ಲಿ ಕ್ಷೇತ್ರವೇ ಮೊದಲು ಬರುತ್ತದೆ. ವ್ರತ ಕೊಳ್ಳುವಾಗ ಎಷ್ಟು ಎಕರೆ ಎಂದು ಮಿತಿ ಹಾಕುವವರು ಎಷ್ಟನ್ನು ನೋಡಿಕೊಳ್ಳಬಲ್ಲೆವೆಂದೂ ಕೇಳಿಕೊಂಡರೆ ಆ ಮಿತಿಯು ಸಾರ್ಥಕವಾಗುತ್ತದೆ.

ಹೀಗೆ ನೋಡಿದಾಗ ಮುಳ್ಳು ತುಂಬಿದ ಹೊಲದ ಮುಂದೆ ಶ್ರಾವಕನಿಗೆ ಮೂರು ನಿರ್ದೋಷ ಮಾರ್ಗಗಳಿವೆ. ಶಕ್ತಿಯೂ ಪ್ರಯೋಜನವೂ ಇದ್ದರೆ ಯತ್ನಾಚಾರದಿಂದ ಹಸನುಗೊಳಿಸಿ, ಮುಂದೆ ಪ್ರಮಾದವಿಲ್ಲದೆ ಕಾಯುವುದು ಒಂದು. ತನ್ನಿಂದಾಗದಿದ್ದರೆ ನೋಡಿಕೊಳ್ಳಬಲ್ಲ ಸೋದರನಿಗೋ, ಬಂಧುವಿಗೋ, ಬಸದಿಗೋ, ಭೂಮಿಯಿಲ್ಲದ ರೈತನಿಗೋ ಅದನ್ನು ಒಪ್ಪಿಸುವುದು ಇನ್ನೊಂದು. ಕಾಡಾಗಿಯೇ ಬಿಡಬೇಕೆಂಬ ದಯೆ ನಿಜವಾಗಿಯೂ ಉಕ್ಕಿದರೆ, ಅದರ ಮೇಲಿನ ಲಾಭದ ಆಸೆಯನ್ನು ಬಿಟ್ಟು, ಹೊರಗಿನಿಂದ ಬಂದ ಮುಳ್ಳನ್ನು ತೆಗೆದು, ಹೊಂಗೆ ಬೇವುಗಳು ಬೆಳೆಯಲು ಎಡೆಮಾಡಿ, ನೆರೆಯವನಿಗೆ ಕೇಡಾಗದಂತೆ ಬಿಡುವುದು ಮೂರನೆಯದು. ಹೆಸರನ್ನು ಪಹಣಿಯಲ್ಲಿಟ್ಟು, ಕಣ್ಣನ್ನು ಬೇರೆಡೆಗೆ ತಿರುಗಿಸುವ ನಾಲ್ಕನೆಯ ಮಾರ್ಗಕ್ಕೆ ಮಾತ್ರ ಆಗಮದಲ್ಲಿ ಆಧಾರವಿಲ್ಲ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಎಂಟನೆಯ ದಿನ ಉತ್ತಮ ತ್ಯಾಗವನ್ನೂ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯವನ್ನೂ ಆರಾಧಿಸುವ ಮನೆಗಳಲ್ಲಿ, ಪೂಜೆ ಮುಗಿದ ಮೇಲೆ ಹಿರಿಯರು ಕಿರಿಯರು ಒಟ್ಟಿಗೆ ಕುಳಿತು, ತಮ್ಮ ಹೆಸರಿನಲ್ಲಿರುವ ಯಾವ ನೆಲವನ್ನು ಎಷ್ಟು ವರ್ಷಗಳಿಂದ ತಾವು ನೋಡಿಲ್ಲವೆಂದು ಒಂದು ಸಲ ಲೆಕ್ಕ ಹಾಕಿದರೆ ಅದೂ ಆ ದಿನದ ಸ್ವಾಧ್ಯಾಯವೇ ಆದೀತು.